ಗೇರ್‌ಬಾಕ್ಸಿನ ಟಿ.ಸಿ.

— ರಿಪೇರಿ ಆಗೇತಿ ಅಂತ ನಿನ್ನೆ ಫೋನ್ ಮಾಡಿದವನೂ ನೀನ, ಇವತ್ತ ಇನ್ನೂ ಆಗಿಲ್ಲ ಅನ್ನಾಂವನೂ ನೀನ. ಎರಡರಾಗ ಯಾವ ಸಿಕಂದರನ್ನ ನಂಬಲಿ?

— ಇಬ್ಬರನ್ನೂ ನಂಬ್ರಿ ಕಾಕಾ. ಗೇರ್‌ಬಾಕ್ಸ್ ರಿಪೇರಿ ಆಗೇತಿ. ಆದ ಸುದ್ದಿ ಗಾಡಿಗೆ ಇನ್ನೂ ಮುಟ್ಟಿಲ್ಲ, ಅಷ್ಟ.

ಬಸವಂತರಾಯರು ಕಾರಿನ ಎಡಗಡೆ ಸೀಟಿನಲ್ಲಿ ಕೂತು, ಕಿಟಕಿಯಿಂದ ತಲೆ ಹೊರಗೆ ಹಾಕಿ ಮಾತಾಡುತ್ತಿದ್ದರು. ಮೂವತ್ನಾಲ್ಕು ವರ್ಷ ಬಸ್ಸಿನ ಕಂಡಕ್ಟರಾಗಿ ದುಡಿದು ನಿವೃತ್ತರಾದವರು. ಕಿಟಕಿಯಿಂದ ತಲೆ ಹಾಕದೆ ಮಾತಾಡಿದರೆ ಅವರಿಗೆ ಮಾತಾಡಿದಂತೆಯೇ ಆಗುತ್ತಿರಲಿಲ್ಲ. ಗಾಡಿ ನಡೆಸುವುದನ್ನು ಮಾತ್ರ ಅವರು ಕಲಿತಿರಲಿಲ್ಲ. ನಿಲ್ಲು ಅಂದರೆ ನಿಲ್ಲುವ, ಹೋಗು ಅಂದರೆ ಹೋಗುವ ಡ್ರೈವರ್ ಒಬ್ಬ ಇರುವಾಗ ಕಲಿಯುವ ಜರೂರು ಏನು ಅನ್ನುವುದು ಅವರ ವಾದ. ಈಗ ಆ ಡ್ರೈವರ್ ಅವರ ಹೆಂಡತಿ ಇಂದ್ರಾಬಾಯಿ. ಒಂದನೇ ಇಯತ್ತೆಗೆ ಮೂವತ್ತಾರು ವರ್ಷ ಅಕ್ಷರ ಕಲಿಸಿ, ನಿವೃತ್ತಿಯಾದ ವರ್ಷವೇ ಕಾರು ಕಲಿತವಳು. ಎಡಗಾಲಿನ ಮೊಣಕಾಲು ನೋಯುತ್ತದೆಂದು ಕ್ಲಚ್ ಇಲ್ಲದ, ಗೇರು ತಾನೇ ಬದಲಾಗುವ ಕಾರನ್ನು ಆರಿಸಿ ಕೊಂಡಿದ್ದಳು.

ಎರಡು ತಿಂಗಳ ಹಿಂದೆ ಆ ಗೇರು ತಾನೇ ಬದಲಾಗುವುದನ್ನು ಬಿಟ್ಟಿತು. ಸಿಂದಗಿ ಊರ ಹೊರಗೆ ಗ್ಯಾರೇಜು ಇಟ್ಟಿರುವ ಸಿಕಂದರ ಗೇರ್‌ಬಾಕ್ಸ್ ಇಳಿಸಿ, ಒಳಗೆ ಗೇರು ಹಿಡಿಯುವ, ಸವೆದುಹೋದ ಬಿಲ್ಲೆಗಳನ್ನು ಬದಲಿಸಿ, ಮತ್ತೆ ಏರಿಸಿದ್ದ. ಇವತ್ತು ಗಂಡ ಹೆಂಡತಿ ಬಂದು ಒಂದು ಸುತ್ತು ಹೊಡೆದು ನೋಡಿದರೆ, ಎರಡರಿಂದ ಮೂರಕ್ಕೆ ಹೋಗುವಾಗ ಗಾಡಿ ಹೋರಿಕರು ಒದ್ದಂತೆ ಒದೆಯುತ್ತಿತ್ತು.

ಸಿಕಂದರ ಸಮಾಧಾನದಿಂದ ತಿಳಿಸಿ ಹೇಳಿದ. ಗೇರ್‌ಬಾಕ್ಸಿಗೆ ಒಂದು ಸಣ್ಣ ಕಂಪ್ಯೂಟರು ಇರುತ್ತದೆ. ಬಿಲ್ಲೆಗಳನ್ನು ಎಷ್ಟು ಜೋರಾಗಿ ಒತ್ತಬೇಕು, ಯಾವಾಗ ಒತ್ತಬೇಕು ಅನ್ನುವುದು ಅದರ ಹುಕುಂ. ಬಿಲ್ಲೆ ಸವೆದಂತೆಲ್ಲ ಅದು ಇನ್ನಷ್ಟು ಜೋರಾಗಿ ಒತ್ತುವುದನ್ನು ರೂಢಿ ಮಾಡಿಕೊಂಡಿದೆ. ಈಗ ಬಿಲ್ಲೆ ಹೊಸವು, ರೂಢಿ ಹಳೆಯದು. ಹೊಸ ಪ್ರೋಗ್ರಾಮು ತುಂಬಿ, ಹಳೆಯ ನೆನಪು ಅಳಿಸಿ, ಆಮೇಲೆ ರಸ್ತೆಗೆ ಒಯ್ದು ಮತ್ತೆ ಮೊದಲಿನಿಂದ ಕಲಿಸಬೇಕು. ಬಸವಂತರಾಯರು ಎಲ್ಲ ಕೇಳಿದರು. ತಮ್ಮ ಮೂವತ್ನಾಲ್ಕು ವರ್ಷದಲ್ಲಿ ಎಷ್ಟೋ ಬಸ್ಸಿನ ಗೇರ್‌ಬಾಕ್ಸ್ ಇಳಿದು ಏರಿದ್ದನ್ನು ನೋಡಿದ್ದರೂ, ಒಂದು ಬಸ್ಸನ್ನೂ ಕಲಿಯಲೆಂದು ಸಾಲಿಗೆ ಹಚ್ಚಿದ್ದು ಅವರಿಗೆ ನೆನಪಿರಲಿಲ್ಲ.

— ಆ ಕಂಪ್ಯೂಟರಿಗೆ ಹೆಸರು ಏನಂದಿ?

— ಟಿ.ಸಿ.ಎಂ. ಅಂತಾರ್ರಿ.

— ಟಿ.ಸಿ. ಅನ್ನಲ್ಲ ಮತ್ತ.

ಬಸವಂತರಾಯರ ಮುಖ ತಿಳಿಯಾಯಿತು. ಟಿ.ಸಿ. ಅಂದರೆ ಅವರಿಗೆ ಗೊತ್ತಿಲ್ಲದ್ದಲ್ಲ. ಬಸ್‌ಸ್ಟ್ಯಾಂಡಿನ ಕಿಂಡಿಯೊಳಗೆ ಕೂತು, ಬಂದ ಬಸ್ಸಿನ ಹೊತ್ತು ಬರೆದು, ಸಹಿ ಹಾಕಿ ಬಿಡುವ ಕಂಟ್ರೋಲರು. ಅವನ ಸಹಿ ಇಲ್ಲದೆ ಬಸ್ಸು ಗಾಲಿ ಅಲುಗಿಸುವಂತಿಲ್ಲ.

— ಗಾಡ್ಯಾಗ ಒಬ್ಬ ಟಿ.ಸಿ. ಕುಂತಾನ. ಮೂರನೇ ಗೇರ ಈಗ ಬಿಡು, ನಾಲ್ಕನೇದು ಆಮ್ಯಾಲ ಬಿಡು ಅಂತಾನ. ಹಂಗಲ್ಲೇನು?

— ಹಂಗ ನೋಡ್ರಿ, ಅಂದ ಸಿಕಂದರ. ಅರ್ಧ ತಾಸು ತಾನು ಹೇಳಲಾರದ್ದನ್ನು ಕಾಕಾ ಒಂದು ಮಾತಿನಲ್ಲಿ ಹೇಳಿದ್ದು ಅವನಿಗೇ ಆಶ್ಚರ್ಯವಾಗಿತ್ತು.

— ಅವ ಈಗ ತಪ್ಪ ಹೇಳಾಕತ್ತಾನ. ಅವನ್ನ ಬ್ಯಾರೆ ಡಿಪೋಕ್ಕ ಹಾಕು.

— ಬದಲಿ ಬ್ಯಾಡ್ರಿ. ಹಳೇದ ಅಳಿಸಿ ಹೊಸಾದ ಬರದ್ರ ಆತು.

— ಬರಿ ಹಂಗಾರ. ಟಿ.ಸಿ. ಬರದ ಬಿಡು, ಕೆಲಸ ಮುಗಿಲಿ.

ಇಷ್ಟು ಹೊತ್ತು ಸ್ಟಿಯರಿಂಗ್ ಮೇಲೆ ಕೈ ಇಟ್ಟು ಸುಮ್ಮನೆ ಕೂತಿದ್ದ ಇಂದ್ರಾಬಾಯಿ ಆಗ ಕತ್ತು ತಿರುಗಿಸಿದಳು. ಮೂವತ್ತಾರು ವರ್ಷ ಸಾಲಿಯಲ್ಲಿ ಕಳೆದವಳಿಗೆ ಟಿ.ಸಿ. ಅಂದರೆ ಒಂದೇ ಅರ್ಥ. ಮಗು ಈ ಸಾಲಿ ಬಿಟ್ಟು ಬೇರೆ ಸಾಲಿಗೆ ಹೋಗುವಾಗ ಬರೆದು ಕೊಡುವ ದಾಖಲೆ. ಅದನ್ನು ಬರೆದ ಮೇಲೆ ಹಾಜರಿ ಪುಸ್ತಕದಲ್ಲಿ ಆ ಹೆಸರಿನ ಮೇಲೆ ಕೆಂಪು ಗೆರೆ.

— ಯಾರ ಟಿ.ಸಿ. ಬರ್ಯಾಕತ್ತೀರಿ?

— ಗಾಡೀದ್ರಿ ಅಕ್ಕೋರ, ಅಂದ ಸಿಕಂದರ. ಅವನೂ ಒಂದು ಕಾಲಕ್ಕೆ ಇಂದ್ರಾಬಾಯಿಯ ಮುಂದೆ ಪಾಟಿ ಹಿಡಿದು ಕೂತವನೇ. ಆದರೆ ಈಗ ಅವನ ಲಕ್ಷ್ಯವೆಲ್ಲ ಸ್ಟಿಯರಿಂಗ್ ಕೆಳಗೆ ಚುಚ್ಚುತ್ತಿದ್ದ ವಯರಿನ ಮೇಲಿತ್ತು. ಬ್ಯಾಟರಿಗೆ ಚಾರ್ಜರ್ ಹಚ್ಚಿ, ಲ್ಯಾಪ್‌ಟಾಪನ್ನು ಡಬ್ಬಿಯ ಮೇಲೆ ಇಟ್ಟು, ಗಂಡ ಹೆಂಡತಿ ಇಬ್ಬರಿಗೂ ಕಟ್ಟುನಿಟ್ಟಾಗಿ ಹೇಳಿದ. ಇನ್ನು ಇಪ್ಪತ್ತೈದು ಮಿನಿಟು ಯಾರೂ ಬಾಗಿಲು ತೆರೆಯುವಂತಿಲ್ಲ, ಚಾವಿ ಮುಟ್ಟುವಂತಿಲ್ಲ, ಹಾರ್ನು ಬಾರಿಸುವಂತಿಲ್ಲ. ನಡುವೆ ಕಡಿದರೆ ಆ ಕಂಪ್ಯೂಟರು ಕಲ್ಲಾಗುತ್ತದೆ. ಇಷ್ಟು ಹೇಳಿ ಗುಂಡಿ ಒತ್ತಿದ.

ಇಂದ್ರಾಬಾಯಿ ಗಂಡನ ಕಡೆ ಪೂರಾ ತಿರುಗಿದಳು.

— ಗಾಡಿ ಟಿ.ಸಿ. ಯಾಕ ಬರಸಾಕತ್ತೀರಿ?

— ಬರಸದಿದ್ರ ಅದು ಹೋಗಂಗಿಲ್ಲ.

— ಎಲ್ಲಿಗೆ ಹೋಗೂದು?

— ಎಲ್ಲಿಗರ ಹೋಗಲಿ. ಇಂಡಿಗೆ ಹೋಗಲಿ, ಮುದ್ದೇಬಿಹಾಳಕ್ಕ ಹೋಗಲಿ.

— ಇಂಡ್ಯಾಗ ಯಾರ ಕಡೆ?

ಬಸವಂತರಾಯರು ತಲೆಯನ್ನು ಕಿಟಕಿಯಿಂದ ಒಳಗೆ ಎಳೆದುಕೊಂಡರು. ಇಂಡಿ ಅನ್ನುವುದು ಬಾಯಿಗೆ ಬಂದ ಮೊದಲ ಊರಾಗಿತ್ತು, ಅಷ್ಟೇ. ಆದರೆ ಹೆಂಡತಿಯ ದನಿ ಕೇಳಿದರೆ ಅವಳಿಗೆ ಎಲ್ಲ ಗೊತ್ತಾದಂತಿತ್ತು. ಗೊತ್ತಾದ ಮೇಲೆ ಮುಚ್ಚಿಟ್ಟು ಫಾಯದೆ ಇಲ್ಲ.

— ಅಮೀನುದ್ದೀನ ನಿನಗೂ ಫೋನ್ ಮಾಡಿದ್ನೇನು?

— ಯಾವ ಅಮೀನುದ್ದೀನ?

ಬಸವಂತರಾಯರ ಎಡಗೈ ತನ್ನಷ್ಟಕ್ಕೆ ತಾನೇ ಬಾಗಿಲ ಹಿಡಿಕೆಯ ಕಡೆ ಹೋಯಿತು. ಹೊರಗಿನಿಂದ ಸಿಕಂದರ ಬೇಡವೆಂದು ತಲೆ ಅಲ್ಲಾಡಿಸಿದ. ಹದಿನೆಂಟು ಪರ್ಸೆಂಟ್ ಆಗಿದೆ ಅಂದ.

ತಪ್ಪಿಸಿಕೊಳ್ಳುವ ದಾರಿ ಇಲ್ಲದೆ ಬಸವಂತರಾಯರು ಹೇಳಿದರು. ಅಮೀನುದ್ದೀನ ಇಂಡಿಯ ನಿಂಬೆಹಣ್ಣಿನ ವ್ಯಾಪಾರಿ. ಅವನ ತಂದೆಗೂ ಮೊಣಕಾಲು ನೋವು, ಇಂಥದ್ದೇ ಗಾಡಿ ಹುಡುಕುತ್ತಿದ್ದಾನೆ. ಬಂದು ನೋಡಿ ಹೋಗಲೇ ಅಂತ ಕೇಳಿದ್ದ. ತಾವು ಹೂಂ ಅಂದಿಲ್ಲ. ನೋಡೂಣು ಅಂದಿದ್ದು ಅಷ್ಟೇ.

— ನಮ್ಮ ಮದವಿ ಮಾತುಕತ್ಯಾಗ ನಿಮ್ಮ ಅಪ್ಪಾರೂ ನೋಡೂಣು ಅಂದಿದ್ರು, ಅಂದಳು ಇಂದ್ರಾಬಾಯಿ. ಎಂಟ ದಿನದಾಗ ಅಕ್ಕಿಕಾಳ ಬಿದ್ದಿದ್ದು.

ಬಸವಂತರಾಯರು ಬಸ್ಸಿನ ಗುಣಗಾನಕ್ಕೆ ಇಳಿದರು. ಮುಂಜಾನೆ ಆರೂಕಾಲಿಗೆ ಒಂದು, ಏಳೂ ನಲವತ್ತಕ್ಕೆ ಒಂದು, ಬಾಗೇವಾಡಿಯಲ್ಲಿ ಇಳಿದರೆ ಇಂಗಳೇಶ್ವರಕ್ಕೆ ಒಂದು, ತಿರುಗಿ ಬರುವಾಗ ಹೀಗೆ ಹೀಗೆ. ಟೈಮ್‌ಟೇಬಲ್ ಅವರ ಬಾಯಲ್ಲಿ ಮಂತ್ರದಂತೆ ಹರಿಯಿತು. ಇಂದ್ರಾಬಾಯಿ ಮುಗಿಯುವ ತನಕ ಕೇಳಿದಳು. ಬಾಗೇವಾಡಿ ಹತ್ತಿರದ ಇಂಗಳೇಶ್ವರದಲ್ಲಿ ಅವಳ ಅಕ್ಕ ಇದ್ದಳು. ಎರಡು ವರ್ಷದಿಂದ ಕಣ್ಣು ಪೂರಾ ಹೋಗಿತ್ತು. ವಾರಕ್ಕೊಮ್ಮೆ ಇಂದ್ರಾಬಾಯಿ ಹೋಗಿ ಹಣಿಗೆ ಹಿಡಿದು ಅಕ್ಕನ ತಲೆ ಹಿಕ್ಕಿ, ವಾರದ ಪೇಪರುಗಳನ್ನು ಮೊದಲಿಂದ ಕಡೇ ತನಕ, ಸಂತೆಯ ಕಾಳಿನ ದರವನ್ನೂ ಬಿಡದೆ ಓದಿ ಹೇಳಿ ಬರುತ್ತಿದ್ದಳು.

— ನಿಮ್ಮ ಲೆಕ್ಕದ ಪ್ರಕಾರ ಹೋದ್ರ ಅಕ್ಕನ ಹತ್ರ ನನಗ ಮುಕ್ಕಾಲ ತಾಸ ಸಿಗತೈತಿ. ಅಷ್ಟ್ರಾಗ ಪೇಪರ ಓದಲೋ, ತಲಿ ಹಿಕ್ಕಲೋ? ಒಂದ ಹೇಳ್ರಿ.

ಬಸವಂತರಾಯರು ಗಡಿಯಾರದ ಪಟ್ಟಿ ಸರಿಮಾಡಿಕೊಂಡರು.

— ಇದು ಬಸ್ಸಿನ ಮಾತ ಅಲ್ಲ. ಖರೇದ ಹೇಳ್ರಿ.

— ಎಲ್ಲಾ ಹೇಳಿದ್ನಲ್ಲ.

— ಸಿಕಂದರ, ಎಷ್ಟ ಆತಪ್ಪ?

— ನಲವತ್ತೆರಡ್ರಿ ಅಕ್ಕೋರ.

— ಇನ್ನೂ ಟೈಮ ಐತಿ. ಹೇಳ್ರಿ.

ಬಸವಂತರಾಯರು ಕಿಟಕಿಯ ಹೊರಗೆ ನೋಡಿದರು. ಆ ಕಡೆ ಎತ್ತಿ ನಿಲ್ಲಿಸಿದ ಒಂದು ಜೀಪು, ಅದರ ಕೆಳಗೆ ನೆರಳಿಗೆ ಮಲಗಿದ ನಾಯಿ. ನಾಯಿಗೆ ಹೇಳುವವರಂತೆ ಮೆಲ್ಲಗೆ ಹೇಳಿದರು.

— ಬಸ್ಸಿನ್ಯಾಗ ನನಗ ಒಂದ ಕೆಲಸ ಇರ್ತಿತ್ತು. ಇದರಾಗ ನಾ ಯಾರು?

ಹಾಗೆ ನೋಡಿದರೆ ಇವರು ಕಾರಿನಲ್ಲಿಯೂ ಸುಮ್ಮನೆ ಕೂತವರಲ್ಲ. ಇಂದ್ರಾಬಾಯಿ ಅದನ್ನೇ ಹೇಳಬೇಕೆಂದಿದ್ದಳು. ಅಷ್ಟರಲ್ಲಿ ಸಿಕಂದರ, ಗಾಡಿಯಿಂದ ಮೊದಲೇ ಇಳಿಸಿಟ್ಟುಕೊಂಡಿದ್ದ ಹಳೆಯ ನೆನಪಿನ ಪಟ್ಟಿಯನ್ನು ನೋಡುತ್ತ, ಕೇಳಬೇಕೋ ಬೇಡವೋ ಅನ್ನುವ ದನಿಯಲ್ಲಿ ಕೇಳಿದ.

— ಅಕ್ಕೋರ, ತಪ್ಪ ತಿಳಕೋಬ್ಯಾಡ್ರಿ. ನೀವು ಎಕ್ಸಿಲರೇಟರ್ ಒತ್ತಿದ ಮರುಗಳಿಗಿಗೆ ಬ್ರೇಕ್ ಯಾಕ ಒತ್ತತೀರಿ? ಇದರಾಗ ಬರೇ ಅದ ಐತ್ರಿ. ಒತ್ತೂದು, ಹಿಡಿಯೂದು. ಒತ್ತೂದು, ಹಿಡಿಯೂದು. ಬಿಲ್ಲಿ ಸವದಿದ್ದು ಬಹಳಷ್ಟು ಅದಕ್ಕ.

— ನಾ ಒತ್ತಂಗಿಲ್ಲಪ್ಪ. ಇವರು ಒತ್ತಸತಾರ.

ಅಷ್ಟು ಸಾಕಾಯಿತು. ಒಂದು ಫರ್ಲಾಂಗು ದೂರದಲ್ಲಿ ಕೋಳಿ ಕಂಡರೆ ಇವರು ಹೋಲ್ಡಾನ್ ಅನ್ನುತ್ತಾರೆ. ಕೋಳಿ ದಾಟದೆ ಹಿಂದಕ್ಕೆ ಹೋದರೆ ರೈಟ್ ಅನ್ನುತ್ತಾರೆ. ಕೋಳಿ ಮನಸ್ಸು ಬದಲಿಸಿದರೆ ಮತ್ತೆ ಹೋಲ್ಡಾನ್. ಅವಳ ಕಾಲು ಅವಳದಾದರೂ ಹುಕುಂ ಮಾತ್ರ ಇವರ ಬಾಯಿಂದ. ಇದನ್ನೆಲ್ಲ ಇಂದ್ರಾಬಾಯಿ ಸಿಕಂದರನಿಗೆ ಒಂದನೇ ಇಯತ್ತೆಯ ಪಾಠದಂತೆ ಬಿಡಿಸಿ ಹೇಳಿದಳು. ಬಸವಂತರಾಯರು ಬಾಗಿಲು ತೆರೆಯುವಂತಿಲ್ಲದ ಗಾಡಿಯಲ್ಲಿ ಕೂತು ಕೇಳಿದರು. ಎರಡು ತಿಂಗಳಿಂದ ಅವರು ಆ ಗಾಡಿಯನ್ನು ಖೊಟ್ಟಿ ಮಾಲು, ಕಂಪನಿಯೇ ಸರಿಯಿಲ್ಲ, ಮಾರಿಬಿಡುವುದೇ ಬೇಶಿ ಅಂತ ಊರೆಲ್ಲ ಹೇಳಿಕೊಂಡು ಬಂದಿದ್ದರು.

ನೂರು ಪರ್ಸೆಂಟ್ ಆದ ಮೇಲೆ ಸಿಕಂದರ ವಯರು ಕಿತ್ತು, ಚಾರ್ಜರು ಬಿಚ್ಚಿ, ಲ್ಯಾಪ್‌ಟಾಪು ಹಿಡಿದು ಹಿಂದಿನ ಸೀಟಿನಲ್ಲಿ ಕೂತ. ಇನ್ನು ಕಲಿಸುವ ಕೆಲಸ. ಯಂಕಂಚಿ ಕಡೆ ರಸ್ತೆ ಹಿಡಿಯಬೇಕು. ಕಾಲು ಹದವಾಗಿ ಇರಬೇಕು, ವೇಗ ಏರುವುದೂ ಇಳಿಯುವುದೂ ಮೆಲ್ಲಗೆ ಆಗಬೇಕು. ಈ ಹೊತ್ತಿನಲ್ಲಿ ಗಾಡಿಗೆ ಏನು ರೂಢಿ ಬೀಳುತ್ತದೋ ಅದೇ ಮುಂದೆಯೂ ನಿಲ್ಲುತ್ತದೆ. ಅದಕ್ಕೇ ನಡೆಸುವವರ ಜೊತೆ ಯಾರೂ ಮಾತಾಡಬಾರದು. ಯಾರೂ ಅನ್ನುವಾಗ ಅವನು ಯಾರನ್ನೂ ನೋಡಲಿಲ್ಲ.

ಬಸವಂತರಾಯರು ಎರಡೂ ತುಟಿ ಒಳಗೆ ಎಳೆದುಕೊಂಡು ಕೂತರು.

ಮೊದಲು ಎದುರಿಗೆ ಬಂದಿದ್ದು ಕಬ್ಬಿನ ಟ್ರ್ಯಾಕ್ಟರು, ಹಿಂದೆ ಎರಡು ಟ್ರೇಲರ್ ಡಬ್ಬಿ. ಬಸವಂತರಾಯರ ಬಲಗಾಲು ಇಲ್ಲದ ಬ್ರೇಕನ್ನು ಒತ್ತಿತು. ಇಂದ್ರಾಬಾಯಿ ಮೊದಲೇ ಎಡಕ್ಕೆ ಸರಿದಿದ್ದಳು. ಆಮೇಲೆ ಒಂದು ಮೋಟರ್‌ಸೈಕಲ್ಲು, ಮೇಲೆ ಮೂವರು ಮತ್ತು ಒಂದು ಆಡು. ಅದೂ ದಾಟಿಹೋಯಿತು. ಇನ್ನೊಂದು ಸ್ವಲ್ಪ ಮುಂದೆ ಹೋಗುವಾಗ ಗಾಡಿ ತಾನಾಗಿ ನಿಧಾನವಾಗತೊಡಗಿತು. ಯಾಕೆ ಅಂತ ಅವರಿಗೆ ತಿಳಿಯಲಿಲ್ಲ. ರಸ್ತೆ ಖಾಲಿ ಇತ್ತು. ತಿರುವು ದಾಟಿದ ಮೇಲೆ ನೋಡಿದರೆ ಕುರಿಹಿಂಡು ರಸ್ತೆ ತುಂಬ ನಿಂತಿದೆ. ಆಗ ಅವರಿಗೆ ಹೊಳೆಯಿತು. ಜೋಳದ ಹೊಲದ ಮೇಲೆ ಎದ್ದ ಧೂಳನ್ನು ಅವಳು ನೋಡಿದ್ದಾಳೆ. ತಾವು ಕುರಿ ಕಂಡ ಮೇಲೆ ಕೂಗುವ ಮನುಷ್ಯ. ಅವಳು ಧೂಳು ಕಂಡಾಗಲೇ ಕಾಲು ಎತ್ತಿದವಳು. ಇಷ್ಟು ದಿನ ತಾವು ಅಂದ ಹೋಲ್ಡಾನ್‌ಗಳಲ್ಲಿ ಎಷ್ಟು ಖರೇನೇ ಬೇಕಾಗಿದ್ದವು ಅಂತ ಮನಸ್ಸಿನಲ್ಲೇ ಎಣಿಸಿದರು. ಎಣಿಕೆ ಒಂದು ಕೈಯ ಬೆರಳಿಗೂ ತುಂಬಲಿಲ್ಲ.

ಯಂಕಂಚಿ ಕ್ರಾಸಿನ ಹತ್ತಿರ ಗಾಡಿ ತಿರುಗಿಸಿದರು. ಒದೆತ ಬಹಳಷ್ಟು ಕಡಿಮೆಯಾಗಿತ್ತು. ಆದರೂ ಸಿಕಂದರ ಇನ್ನೊಂದು ಪಾಠ ಉಳಿದಿದೆ ಅಂದ. ಹತ್ತು ಸಲ ಹೊರಟು, ಮೂವತ್ತರ ವೇಗ ಮುಟ್ಟಿ, ಮೆಲ್ಲಗೆ ನಿಲ್ಲಬೇಕು. ಪ್ರತಿ ಸಲವೂ ಅಂತರ ಒಂದೇ ಸಮ ಇರಬೇಕು. ಅವನಿಗೆ ಪರದೆ ಮೇಲಿನ ಅಂಕಿ ನೋಡುವುದೇ ಸಾಕಾಗುತ್ತದೆ. ಹೋಗು, ನಿಲ್ಲು ಅಂತ ಹದ ನೋಡಿ ಹೇಳುವವರು ಒಬ್ಬರು ಬೇಕು.

ಇಂದ್ರಾಬಾಯಿ ಕನ್ನಡಿಯಲ್ಲಿ ಸಿಕಂದರನನ್ನು ನೋಡಿದಳು. ಸಿಕಂದರ ಲ್ಯಾಪ್‌ಟಾಪು ನೋಡಿದ.

— ಕಾಕಾ, ಈಗ ಮಾತಾಡ್ರಿ.

— ಖರೇನ?

— ನಾ ಹೇಳತೇನಿ, ಮಾತಾಡ್ರಿ, ಅಂದಳು ಇಂದ್ರಾಬಾಯಿ.

ಬಸವಂತರಾಯರು ಗಂಟಲು ಸರಿಮಾಡಿಕೊಂಡರು. ಮೊದಲ ರೈಟ್ ಅರ್ಧ ಗಂಟಲಲ್ಲೇ ಉಳಿಯಿತು. ನಾಲ್ಕನೆಯದಕ್ಕೆ ದನಿ ಬಸ್ಸಿನ ಹಿಂದಿನ ಬಾಗಿಲಿನ ಎತ್ತರಕ್ಕೆ ಏರಿತ್ತು. ಅವರಿಗೆ ರಸ್ತೆಯ ಅಂತರ ಮೈಯಲ್ಲೇ ಗೊತ್ತಿತ್ತು. ಎರಡು ಕಂಬ ದಾಟಿದರೆ ಹೋಲ್ಡಾನ್, ಐದು ಎಣಿಸಿದರೆ ರೈಟ್. ಕಾಕಾನ ಲೆಕ್ಕ ಕಂಪ್ಯೂಟರಿಗಿಂತ ನೇಟಾಗಿದೆ ಅಂತ ಸಿಕಂದರ ಅಂದಾಗ ಅವರು ಕೇಳಿಸಿಕೊಳ್ಳದವರಂತೆ ಅಂಗಿಯ ಕಾಲರು ಸರಿಮಾಡಿಕೊಂಡರು.

ಏಳನೇ ಸಲ ಗಾಡಿ ಒಂದು ಬೇವಿನ ಗಿಡದ ಕೆಳಗೆ ನಿಂತಿತು. ಐದು ಎಣಿಸುವುದರೊಳಗೆ ಹಿಂದಿನ ಬಾಗಿಲು ತೆರೆಯಿತು. ಒಬ್ಬ ಮುದುಕಿ ಮೊದಲು ಒಂದು ಕೈಚೀಲ, ಆಮೇಲೆ ಬಡಿಗೆ, ಆಮೇಲೆ ತನ್ನನ್ನು ಒಳಗೆ ಹಾಕಿ, ಸಿಕಂದರನಿಗೆ ಸರಿದುಕೊಳ್ಳಲು ಹೇಳಿದಳು. ಒಂದು ಕಾಲಿಗೆ ದಪ್ಪನೆಯ ಪಟ್ಟಿ ಕಟ್ಟಿತ್ತು.

— ಯವ್ವಾ, ಇದು ಬಸ್ ಅಲ್ಲ, ಅಂದ ಸಿಕಂದರ.

— ಬಸ್ ಅಲ್ಲಂತ ನನಗೂ ಕಾಣತೈತಿ. ಬಸ್ ಆಗಿದ್ರ ನಿಲ್ಲತಿದ್ದಿಲ್ಲ.

ಅವಳ ಹೆಸರು ಗುಂಡವ್ವ. ಪಕ್ಕದ ವಸ್ತಿಯವಳು. ಎತ್ತು ಪಾದ ತುಳಿದಿತ್ತು. ಸಿಂದಗಿ ದವಾಖಾನೆಗೆ ದಿನಾ ಹೋಗಿ ಪಟ್ಟಿ ಬದಲಿಸಿಕೊಂಡು ಬರಬೇಕು, ಇನ್ನೂ ಎಂಟು ದಿನ. ಬಸ್ಸು ಇವತ್ತೂ ಬಂದಿತ್ತಂತೆ, ನಿಂತಿತ್ತಂತೆ. ಇವಳು ಬಡಿಗೆ ಊರಿಕೊಂಡು ಹತ್ತು ಹೆಜ್ಜೆ ಬರುವುದರೊಳಗೆ ಕಂಡಕ್ಟರು ಗಂಟೆ ಹೊಡೆದನಂತೆ. ಅವಳು ಸಿಟ್ಟಿನಿಂದ ಹೇಳಲಿಲ್ಲ, ಬಿಸಿಲು ಜಾಸ್ತಿ ಅನ್ನುವಂತೆ ಹೇಳಿದಳು.

ಬಸವಂತರಾಯರು ಮುಂದೆ ನೋಡುತ್ತ ಕೂತಿದ್ದರು. ಆ ಗಂಟೆ ಅವರಿಗೆ ಗೊತ್ತು. ಲೇಟಾಗುತ್ತದೆ ಅಂತ ಎಷ್ಟು ಸಲ ಹೊಡೆದಿದ್ದರೋ, ಹಿಂದೆ ಯಾರು ಬಡಿಗೆ ಊರಿಕೊಂಡು ಬರುತ್ತಿದ್ದಾರೆಂದು ಎಷ್ಟು ಸಲ ನೋಡಿರಲಿಲ್ಲವೋ. ಅವರು ಹಿಂದಕ್ಕೆ ತಿರುಗಿ, ತಮ್ಮ ಸೀಟನ್ನು ಮುಂದಕ್ಕೆ ಎಳೆದುಕೊಂಡು, ಕಾಲು ಚಾಚಿ ಕೂಡ್ರು ಅಂತ ಹೇಳಿದರು. ಗುಂಡವ್ವ ಕಾಲು ಚಾಚಿದಳು. ಆಮೇಲೆ ಗಾಡಿಯಲ್ಲಿ ಇದ್ದವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದಳು.

— ಓಡಸಾಕಿ ಆಕಿ. ಟೀವಿ ನೋಡಾಂವ ಇವ. ಇದರಾಗ ನಿನ್ನ ಕೆಲಸ ಏನಪ್ಪ?

ಇಂದ್ರಾಬಾಯಿ ಉತ್ತರವನ್ನು ಗಂಡನಿಗೇ ಬಿಟ್ಟಳು. ಗಾಡಿ ನಿಂತಲ್ಲೇ ನಿಂತಿತ್ತು. ಐದು ಎಣಿಸಿ ಎಷ್ಟೋ ಹೊತ್ತಾಗಿತ್ತು.

— ನಾ ನಿಲ್ಲ ಅನ್ನಾಂವ, ಅಂದರು ಬಸವಂತರಾಯರು ಕಡೆಗೆ.

— ಚಲೋ ಆತು. ಹೋಗ ಅನ್ನಾವ್ರು ಎಲ್ಲಾ ಕಡೆ ಅದಾರ.

ಉಳಿದ ಮೂರು ಸಲವೂ ಗುಂಡವ್ವನನ್ನು ಕೂಡಿಸಿಕೊಂಡೇ ಆದವು. ರಸ್ತೆಯಲ್ಲಿ ಯಾರೂ ಇಲ್ಲದಲ್ಲಿ ಯಾಕೆ ನಿಲ್ಲುತ್ತೀರಿ ಅಂತ ಅವಳು ಕೇಳಿದಳು. ಗಾಡಿಗೆ ನಿಲ್ಲುವುದನ್ನು ಕಲಿಸುತ್ತಿದ್ದೇವೆ ಅಂದ ಸಿಕಂದರ. ಎಲ್ಲಾ ಗಾಡಿಗೂ ಕಲಿಸಿರಪ್ಪ ಅಂದಳು ಅವಳು. ಹತ್ತನೆಯ ಸಲ ಹೊರಟಾಗ ಎರಡನೇ ಗೇರು ಮೂರಾಗಿದ್ದು, ಮೂರು ನಾಲ್ಕಾಗಿದ್ದು ಯಾರ ಗಮನಕ್ಕೂ ಬರಲಿಲ್ಲ. ಸಿಕಂದರ ಲ್ಯಾಪ್‌ಟಾಪು ಮುಚ್ಚಿ, ಪಾಸಾತು ಅಂದ.

ಊರು ಹತ್ತಿರ ಬಂದಾಗ ಬಸವಂತರಾಯರ ಫೋನು ರಿಂಗಾಯಿತು. ಪರದೆ ಮೇಲಿನ ಹೆಸರು ಗಾಡಿಯಲ್ಲಿದ್ದ ಎಲ್ಲರಿಗೂ ಕಾಣುವಷ್ಟು ದೊಡ್ಡದಾಗಿತ್ತು. ಅವರು ಎತ್ತಿದರು. ಆ ಕಡೆಯಿಂದ ಅಮೀನುದ್ದೀನ, ಗಾಡಿ ರಿಪೇರಿ ಆಯಿತೇ, ನೋಡಲು ಯಾವಾಗ ಬರಲಿ ಅಂತ ಕೇಳಿದ. ಬಸವಂತರಾಯರು ಒಮ್ಮೆ ಹೆಂಡತಿಯ ಕಡೆ ನೋಡಿದರು. ಅವಳ ಲಕ್ಷ್ಯ ರಸ್ತೆಯ ಮೇಲೇ ಇತ್ತು. ಆದರೆ ಗಾಡಿಯ ವೇಗ ಮೆಲ್ಲಗೆ ಇಳಿಯತೊಡಗಿತ್ತು.

— ಬರಬ್ಯಾಡಪ್ಪ. ಗಾಡಿ ಡ್ಯೂಟಿ ಮ್ಯಾಲೈತಿ.

ಗಾಡಿ ಮತ್ತೆ ವೇಗ ಹಿಡಿಯಿತು. ಯಾವ ಗೇರು ಬಿತ್ತು ಅಂತ ತಿಳಿಯಲೇ ಇಲ್ಲ.

ದವಾಖಾನೆಯ ಮುಂದೆ ಬಸವಂತರಾಯರು ತಾವೇ ಇಳಿದು ಹಿಂದಿನ ಬಾಗಿಲು ತೆರೆದರು. ಬಡಿಗೆ ಕೊಟ್ಟರು, ಕೈಚೀಲ ಕೊಟ್ಟರು, ಮೆಟ್ಟಿಲ ತನಕ ರಟ್ಟೆ ಹಿಡಿದು ಬಿಟ್ಟು ಬಂದರು. ಅವರು ಮತ್ತೆ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಳ್ಳುವಾಗ ಗುಂಡವ್ವ ಮೆಟ್ಟಿಲ ಮೇಲಿಂದ ಕೇಳಿದಳು.

— ನಾಳಿಗೆ ಎಷ್ಟಕ್ಕ ಬರತೈತಿ ಇದು?

ಇಂದ್ರಾಬಾಯಿ ಬಾಯಿ ತೆರೆಯುವುದರೊಳಗೆ ಬಸವಂತರಾಯರು ಗಡಿಯಾರ ನೋಡಿಕೊಂಡಿದ್ದರು. ಮೂವತ್ನಾಲ್ಕು ವರ್ಷದ ಮಾತು, ತಡೆಯಬೇಕೆಂದರೂ ಬಾಯಿಂದ ಬಂದೇ ಬಂತು.

— ಹತ್ತೂವರಿಗೆ. ಟೈಮಿಗೆ ಸರಿಯಾಗಿ ಗಿಡದ ಬುಡಕ ನಿಂತಿರಬೇಕು. ಗಾಡಿ ಕಾಯಂಗಿಲ್ಲ.

ಇಂದ್ರಾಬಾಯಿ ಗಂಡನ ಮುಂದೆ ಬಾಗಿ, ಎಡಗಡೆ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

— ಕಾಯತೈತಿ, ನೀ ನಿಧಾನ ಬಾರವ್ವಾ. ಓಡಸಾಕಿ ನಾ ಅದೇನಿ.